ಹಳೆಯ ಸಿಸ್ಟಮ್ಮಿಗೆ ಹೊಸ ಕೀಬೋರ್ಡ್

ಹೊಸ ಕೀಬೋರ್ಡು, ಮೌಸುಗಳನ್ನು ಹಳೆಯ ಕಂಪ್ಯೂಟರಿನ ಪೋರ್ಟುಗಳಿಗೆ ಜೋಡಿಸುವ ಅಡಾಪ್ಟರುಗಳಲ್ಲಿ ಎರಡು ಬಗೆ. ಒಂದರ ಒಳಗೆ ನಾಲ್ಕು ತಂತಿಗಳ ಹೊರತು ಏನೂ ಇಲ್ಲ. ಇನ್ನೊಂದರ ಒಳಗೆ ಪುಟ್ಟ ಚಿಪ್ ಇದೆ. ಹೊರನೋಟಕ್ಕೆ ಎರಡೂ ಹೆಚ್ಚುಕಡಿಮೆ ಒಂದೇ ತರಹ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದರೆ ಎರಡಕ್ಕೂ ‘ಕನ್ವರ್ಟರ್’ ಎಂಬ ಒಂದೇ ಹೆಸರು. ಆದರೆ ಚಿಪ್ ಇಲ್ಲದ್ದು ಕೆಲವು ಕೀಬೋರ್ಡುಗಳೊಂದಿಗೆ ಮಾತ್ರ ಕೆಲಸ ಮಾಡುತ್ತದೆ, ಚಿಪ್ ಇರುವುದು ಬಹುಮಟ್ಟಿಗೆ ಎಲ್ಲದರೊಂದಿಗೂ. ಕೊಂಡು ತಂದ ಅಡಾಪ್ಟರ್ ಸರಿಯಾಗಿ ಕೂತರೂ ಕೀಬೋರ್ಡ್ ಮಿಸುಕದೇ ಇರುವುದಕ್ಕೆ ಸಾಮಾನ್ಯವಾಗಿ ಈ ವ್ಯತ್ಯಾಸವೇ ಕಾರಣ.

ಹಳೆಯ ಸಿಸ್ಟಮ್ ಏಕೆ ಉಳಿದಿದೆ

ಇಂಥ ಅಡಾಪ್ಟರಿನ ಅಗತ್ಯ ಬೀಳುವುದು ಹಳೆಯ ಸಿಸ್ಟಮ್ಮನ್ನು ಬಿಡಲಾಗದ ಕಡೆ. ಚಾಮರಾಜಪೇಟೆಯ ಮುದ್ರಣಾಲಯಗಳಲ್ಲಿ, ಬಸವನಗುಡಿ, ಮಲ್ಲೇಶ್ವರದ ಡಿಟಿಪಿ ಅಂಗಡಿಗಳಲ್ಲಿ ಕನ್ನಡದ ಪುಟವಿನ್ಯಾಸವೆಂದರೆ ಬಹುಕಾಲ ಪೇಜ್‌ಮೇಕರೇ. ಅಡೋಬಿ ಕಂಪನಿ 2001ರಲ್ಲಿ ತಂದ 7.0 ಅದರ ಕೊನೆಯ ಆವೃತ್ತಿ. ಅದರಲ್ಲಿ ಮದುವೆಯ ಕರೆಯೋಲೆ, ಸ್ಮರಣ ಸಂಚಿಕೆ, ಕಾದಂಬರಿ, ಪಂಚಾಂಗ ಎಲ್ಲವನ್ನೂ ಯುನಿಕೋಡಿಗೆ ಮೊದಲಿನ ಫಾಂಟುಗಳಲ್ಲಿ ಜೋಡಿಸಿದ್ದುಂಟು. ಆ ಫಾಂಟುಗಳಲ್ಲಿ ಕನ್ನಡ ಅಕ್ಷರದ ತುಣುಕುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುತ್ತವೆ. ಅಂಥ ಕಡತವನ್ನು ಇಂದಿನ ತಂತ್ರಾಂಶಕ್ಕೆ ತರಬೇಕಾದರೆ ಯುನಿಕೋಡಿಗೆ ಪರಿವರ್ತಿಸಬೇಕು, ಆಮೇಲೆ ಒತ್ತಕ್ಷರ, ಅರ್ಕಾವತ್ತು, ಸಾಲು ಮುರಿದ ಜಾಗಗಳನ್ನೆಲ್ಲ ಮತ್ತೆ ತಿದ್ದಬೇಕು. ಹಿಂದೆ ಅಚ್ಚಾದ ಪುಸ್ತಕದ ಮರುಮುದ್ರಣಕ್ಕೆ ಅಷ್ಟು ಕೆಲಸ ಮಾಡುವುದಕ್ಕಿಂತ, ಕಡತ ತೆರೆಯುವ ಹಳೆಯ ಸಿಸ್ಟಮ್ಮನ್ನು ಮೂಲೆಯಲ್ಲಿ ಉಳಿಸಿಕೊಳ್ಳುವುದೇ ಅಗ್ಗ.

ಇನ್ನೊಂದು ಕಟ್ಟು ಹಾರ್ಡ್‌ವೇರ್ ಲಾಕ್. ದುಬಾರಿ ತಂತ್ರಾಂಶಗಳು ನಕಲಾಗದಂತೆ ತಡೆಯಲು ಕಂಪ್ಯೂಟರಿನ ಹಿಂಬದಿಯ ಪ್ಯಾರಲಲ್ ಪೋರ್ಟಿಗೆ, ಅಂದರೆ ಪ್ರಿಂಟರಿನ 25 ಪಿನ್ನಿನ ಪೋರ್ಟಿಗೆ, ಸಿಕ್ಕಿಸುವ ಲಾಕ್ ಬರುತ್ತಿತ್ತು. ಅದು ಇದ್ದರೆ ಮಾತ್ರ ತಂತ್ರಾಂಶ ತೆರೆದುಕೊಳ್ಳುತ್ತದೆ. ಇಂದಿನ ಕಂಪ್ಯೂಟರುಗಳಲ್ಲಿ ಆ ಪೋರ್ಟೇ ಇಲ್ಲ. ಹೀಗಾಗಿ ವಿಂಡೋಸ್ 98 ಅಥವಾ ಎಕ್ಸ್‌ಪಿ ಹಾಕಿದ ಪೆಂಟಿಯಂ ಸಿಸ್ಟಮ್ಮುಗಳು ಉಳಿದುಕೊಳ್ಳುತ್ತವೆ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು; ಅಂತರ್ಜಾಲಕ್ಕೆ ಜೋಡಿಸದೆ ಪುಟ ಜೋಡಿಸಲಷ್ಟೇ ಬಳಸುವವರಿಗೆ ಅದರಿಂದ ಹೆಚ್ಚಿನ ಅಡ್ಡಿಯಿಲ್ಲ.

ಸಿಪಿಯು ಡಬ್ಬಿ ವರ್ಷಗಟ್ಟಲೆ ಬಾಳಬಹುದು, ಕೀಬೋರ್ಡ್ ಬಾಳುವುದಿಲ್ಲ. ಅದರಲ್ಲೂ ಕನ್ನಡದ ಅಕ್ಷರ ಜೋಡಣೆಯಲ್ಲಿ ಕೆಲವು ಕೀಗಳಿಗೆ ಬೀಳುವ ಪೆಟ್ಟು ಹೆಚ್ಚು. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರ ಬಂದಾಗಲೆಲ್ಲ ಎಫ್ ಕೀ ಒತ್ತಬೇಕು. ಹಳೆಯದು ಸವೆದು ಹೊಸದು ತರಲು ಹೋದರೆ ಅಂಗಡಿಯಲ್ಲಿರುವುದು ಚಪ್ಪಟೆ ಪ್ಲಗ್ಗಿನ ಯುಎಸ್‌ಬಿ ಕೀಬೋರ್ಡುಗಳೇ. ಸಿಸ್ಟಮ್ಮಿನ ಹಿಂಬದಿಯಲ್ಲಿರುವುದು ಗುಂಡು ಪೋರ್ಟು. ಅಲ್ಲಿಗೆ ಅಡಾಪ್ಟರ್ ಬೇಕಾಗುತ್ತದೆ.

ಪೋರ್ಟುಗಳ ಪೀಳಿಗೆ

ಐಬಿಎಂ ಕಂಪನಿ 1981ರಲ್ಲಿ ತಂದ ಮೊದಲ ಪಿಸಿಯ ಕೀಬೋರ್ಡಿಗೆ ಐದು ಪಿನ್ನಿನ ದಪ್ಪ ಗುಂಡು ಪ್ಲಗ್ ಇತ್ತು. ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಅದನ್ನು ಡಿನ್ ಪ್ಲಗ್ ಎನ್ನುತ್ತಾರೆ. 1984ರಲ್ಲಿ ಬಂದ ಪಿಸಿ ಎಟಿಯಲ್ಲಿ ಪ್ಲಗ್ ಅದೇ ಉಳಿಯಿತು, ಕೀಬೋರ್ಡು ಕಂಪ್ಯೂಟರಿಗೆ ಸಂಕೇತ ಕಳಿಸುವ ಕ್ರಮ ಮಾತ್ರ ಬದಲಾಯಿತು. ಹಿಂದಿನ ಮಾದರಿಯ ಕೀಬೋರ್ಡು ಎಟಿಯ ಪೋರ್ಟಿನಲ್ಲಿ ಸಲೀಸಾಗಿ ಕೂರುತ್ತಿತ್ತು, ಆದರೆ ಒತ್ತಿದ ಅಕ್ಷರ ಮೂಡುತ್ತಿರಲಿಲ್ಲ. ಈ ತೊಡಕಿಗೆ ಪರಿಹಾರವಾಗಿ ಆ ಕಾಲದ ಕೆಲವು ಕೀಬೋರ್ಡುಗಳ ಅಡಿಯಲ್ಲಿ ಎಕ್ಸ್‌ಟಿ (ಅಂದರೆ ಹಿಂದಿನ ಮಾದರಿ), ಎಟಿ ಎಂದು ಗುರುತಿಸಿದ ಸಣ್ಣ ಸ್ವಿಚ್ ಇರುತ್ತಿತ್ತು. ಪ್ಲಗ್ಗಿನ ಆಕಾರ ಬೇರೆ, ಅದರಲ್ಲಿ ಹರಿಯುವ ಸಂಕೇತಗಳ ಕಟ್ಟುಪಾಡು ಬೇರೆ ಎಂಬುದು ಆಗಲೇ ಸ್ಪಷ್ಟವಾಗಿತ್ತು.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಸರಣಿಯ ಕಂಪ್ಯೂಟರುಗಳಿಗೆ ಆರು ಪಿನ್ನಿನ ಸಣ್ಣ ಗುಂಡು ಪೋರ್ಟು ತಂದಿತು. ಈ ಸಲ ನಡೆದದ್ದು ತಿರುಗುಮುರುಗು: ಪ್ಲಗ್ ಬದಲಾಯಿತು, ಕೀಬೋರ್ಡಿನ ಸಂಕೇತ ಕ್ರಮ ಎಟಿಯದೇ ಉಳಿಯಿತು. ಆದ್ದರಿಂದ ಡಿನ್ ಪ್ಲಗ್ಗಿನಿಂದ ಪಿಎಸ್/2ಗೆ, ಪಿಎಸ್/2ರಿಂದ ಡಿನ್ನಿಗೆ ಹೋಗಲು ಬರೀ ತಂತಿಯ ಅಡಾಪ್ಟರ್ ಸಾಕಾಗುತ್ತದೆ.

ಮೌಸಿನ ದಾರಿ ಬೇರೆ. ಮೊದಮೊದಲು ಅದು ಸೀರಿಯಲ್ ಪೋರ್ಟಿಗೆ, ಅಂದರೆ ಮೋಡೆಮ್ಮಿಗೂ ಬಳಸುತ್ತಿದ್ದ 9 ಪಿನ್ನಿನ ಪೋರ್ಟಿಗೆ, ಸೇರುತ್ತಿತ್ತು. ಪಿಎಸ್/2 ಬಂದ ಮೇಲೆ ಕೀಬೋರ್ಡಿನಂಥದೇ ಗುಂಡು ಪೋರ್ಟು ಮೌಸಿಗೂ ಸಿಕ್ಕಿತು. ಎರಡೂ ಒಂದೇ ಆಕಾರವಾದ್ದರಿಂದ ಅದಲುಬದಲು ಸಿಕ್ಕಿಸುವುದು ಸಾಮಾನ್ಯವಾಯಿತು. 1990ರ ದಶಕದ ಕೊನೆಗೆ ಮೈಕ್ರೋಸಾಫ್ಟ್, ಇಂಟೆಲ್ ಕಂಪನಿಗಳು ಹೊರತಂದ ಪಿಸಿ 99 ಎಂಬ ವಿನ್ಯಾಸ ಕೈಪಿಡಿ ಕೀಬೋರ್ಡಿಗೆ ನೇರಳೆ, ಮೌಸಿಗೆ ಹಸಿರು ಬಣ್ಣ ಗೊತ್ತುಮಾಡಿತು. ಅಡಾಪ್ಟರುಗಳಿಗೂ ಅದೇ ಬಣ್ಣ ಬಂತು.

ಯುಎಸ್‌ಬಿಯ ಮೊದಲ ಆವೃತ್ತಿ ಪ್ರಕಟವಾದದ್ದು 1996ರ ಜನವರಿಯಲ್ಲಿ. 1998ರಲ್ಲಿ 1.1 ಆವೃತ್ತಿ ಬಂತು. ಅದೇ ವರ್ಷ ವಿಂಡೋಸ್ 98 ಹಾಗೂ ಹಳೆಯ ಪೋರ್ಟುಗಳನ್ನು ಕೈಬಿಟ್ಟ ಆಪಲ್‌ನ ಐಮ್ಯಾಕ್ ಕೂಡ ಬಂದವು. ಅಲ್ಲಿಂದ ಹಲವು ವರ್ಷ ಗುಂಡು ಪೋರ್ಟು, ಚಪ್ಪಟೆ ಪೋರ್ಟು ಎರಡೂ ಒಂದೇ ಮದರ್‌ಬೋರ್ಡಿನಲ್ಲಿ ಅಕ್ಕಪಕ್ಕ ಇದ್ದವು. ಅಡಾಪ್ಟರುಗಳ ಸುಗ್ಗಿಕಾಲವೂ ಅದೇ.

ಒಂದು ಪದ, ಹದಿನೈದು ಬೈಟ್

ಅಡಾಪ್ಟರ್ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ತಿಳಿಯಲು ಎರಡೂ ಪೋರ್ಟುಗಳಲ್ಲಿ ಏನು ಹರಿಯುತ್ತದೆಂದು ನೋಡಬೇಕು. ಪಿಎಸ್/2 ಪೋರ್ಟಿನ ಆರು ಪಿನ್ನುಗಳಲ್ಲಿ ಬಳಕೆಯಲ್ಲಿರುವುದು ನಾಲ್ಕೇ. ಒಂದು 5 ವೋಲ್ಟಿನ ವಿದ್ಯುತ್ತು, ಒಂದು ಗ್ರೌಂಡ್, ಒಂದು ಡೇಟಾ, ಒಂದು ಕ್ಲಾಕ್. ಕ್ಲಾಕ್ ತಂತಿಯಲ್ಲಿ ಕೀಬೋರ್ಡು ಸೆಕೆಂಡಿಗೆ 10,000ದಿಂದ 16,700 ಸಲ ತಾಳ ಹಾಕುತ್ತದೆ. ಪ್ರತಿ ತಾಳಕ್ಕೆ ಡೇಟಾ ತಂತಿಯಲ್ಲಿ ಒಂದೊಂದು ಬಿಟ್ ಹೋಗುತ್ತದೆ. ಆರಂಭದ ಬಿಟ್ ಒಂದು, ಮಾಹಿತಿಯ ಬಿಟ್ ಎಂಟು, ತಪ್ಪು ಹಿಡಿಯುವ ಪ್ಯಾರಿಟಿ ಬಿಟ್ ಒಂದು, ಮುಕ್ತಾಯದ ಬಿಟ್ ಒಂದು. ಹೀಗೆ ಹನ್ನೊಂದು ಬಿಟ್ಟುಗಳಿಗೆ ಒಂದು ಬೈಟ್ ದಾಟುತ್ತದೆ.

ಕೀಬೋರ್ಡು ಕಳಿಸುವುದು ಅಕ್ಷರವನ್ನಲ್ಲ, ಕೀಯ ಸಂಖ್ಯೆಯನ್ನು. ಕೆ ಕೀ ಒತ್ತಿದರೆ 66 ಎಂಬ ಬೈಟ್ ಹೋಗುತ್ತದೆ. ಕೈ ತೆಗೆದಾಗ 240, 66 ಎಂಬ ಎರಡು ಬೈಟ್ ಹೋಗುತ್ತವೆ. 240 ಎಂದರೆ ಮುಂದಿನ ಕೀಯನ್ನು ಬಿಡಲಾಗಿದೆ ಎಂದು. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಕನ್ನಡ’ ಎಂದು ಮೂಡಿಸಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಗಳನ್ನು ಒತ್ತಬೇಕು. ಕೆ ಕೀ ಕ ಅಕ್ಷರಕ್ಕೆ, ಎನ್ ನ ಅಕ್ಷರಕ್ಕೆ, ನಡುವಿನ ಎಫ್ ಅಕ್ಷರಗಳನ್ನು ಕೂಡಿಸಿ ಒತ್ತು ಮಾಡಲು, ಡಬ್ಲ್ಯು ಡ ಅಕ್ಷರಕ್ಕೆ. ಒತ್ತಿದ್ದಕ್ಕೆ ಒಂದರಂತೆ, ಬಿಟ್ಟದ್ದಕ್ಕೆ ಎರಡರಂತೆ ಒಟ್ಟು 15 ಬೈಟ್, ಅಂದರೆ 165 ಬಿಟ್ ಆ ತಂತಿಯಲ್ಲಿ ಸಾಗುತ್ತವೆ. ನಿಧಾನದ ತಾಳದಲ್ಲೂ ಇಷ್ಟಕ್ಕೆ ಹಿಡಿಯುವುದು ಸೆಕೆಂಡಿನ ಅರವತ್ತರಲ್ಲಿ ಒಂದು ಭಾಗ. ಎಂಥ ವೇಗದ ಬೆರಳಿಗೂ ಇದು ಸಾಲದು ಎನ್ನುವಂತಿಲ್ಲ.

ಯುಎಸ್‌ಬಿಯಲ್ಲೂ ತಂತಿಗಳು ನಾಲ್ಕೇ: 5 ವೋಲ್ಟ್, ಗ್ರೌಂಡ್ ಮತ್ತು ಡೇಟಾದ ಎರಡು ತಂತಿಗಳು. ಆದರೆ ನಡೆನುಡಿ ಪೂರ್ತಿ ಬೇರೆ. ಪಿಎಸ್/2 ಕೀಬೋರ್ಡು ಕೀ ಒತ್ತಿದ ಕೂಡಲೇ ತಾನಾಗಿ ಸಂಕೇತ ಕಳಿಸುತ್ತದೆ. ಯುಎಸ್‌ಬಿ ಕೀಬೋರ್ಡು ಕಂಪ್ಯೂಟರ್ ಕೇಳುವವರೆಗೆ ಸುಮ್ಮನಿರುತ್ತದೆ. ಸಿಕ್ಕಿಸಿದ ತಕ್ಷಣ ಕಂಪ್ಯೂಟರ್ ಅದರ ಗುರುತು ವಿಚಾರಿಸುತ್ತದೆ, ಅದಕ್ಕೊಂದು ವಿಳಾಸ ಕೊಡುತ್ತದೆ, ಆಮೇಲೆ ಕೆಲವು ಮಿಲಿಸೆಕೆಂಡಿಗೊಮ್ಮೆ ಏನಾದರೂ ಇದೆಯೇ ಎಂದು ಕೇಳುತ್ತಲೇ ಇರುತ್ತದೆ. ಉತ್ತರ ಎಂಟು ಬೈಟಿನ ಕಂತೆ. ಮೊದಲ ಬೈಟಿನಲ್ಲಿ ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಗಳ ಸ್ಥಿತಿ, ಎರಡನೆಯದು ಖಾಲಿ, ಉಳಿದ ಆರರಲ್ಲಿ ಆ ಹೊತ್ತಿಗೆ ಒತ್ತಿರುವ ಕೀಗಳ ಸಂಖ್ಯೆ. ಈ ಪಟ್ಟಿಯಲ್ಲಿ ಕೆ ಕೀಯ ಸಂಖ್ಯೆ 66 ಅಲ್ಲ, 14. ಬಿಟ್ಟಾಗ ಬೇರೆ ಸಂಕೇತವೂ ಇಲ್ಲ. ಮುಂದಿನ ಕಂತೆಯಲ್ಲಿ 14 ಕಾಣಿಸದಿದ್ದರೆ ಕೀ ಬಿಟ್ಟಿದ್ದಾರೆ ಎಂದು ಕಂಪ್ಯೂಟರ್ ತಾನೇ ತಿಳಿದುಕೊಳ್ಳಬೇಕು.

66ನ್ನು 14 ಮಾಡುವ, 14ನ್ನು 66 ಮಾಡುವ ಕೆಲಸವನ್ನು ತಂತಿ ಮಾಡಲಾರದು. ಅದನ್ನು ಮಾಡಬಲ್ಲ ಚಿಪ್ ಎಲ್ಲೋ ಒಂದು ಕಡೆ ಇರಲೇಬೇಕು. ಅದು ಕೀಬೋರ್ಡಿನ ಒಳಗೇ ಇದ್ದರೆ ಸಾದಾ ಅಡಾಪ್ಟರ್ ಸಾಕು. ಅಲ್ಲಿಲ್ಲದಿದ್ದರೆ ಅಡಾಪ್ಟರಿನ ಒಳಗೆ ಇರಬೇಕು.

ಸಾದಾ ಅಡಾಪ್ಟರ್ ಕೆಲಸ ಮಾಡುವ ಬಗೆ

ಹಸಿರು ಅಥವಾ ನೇರಳೆ ಬಣ್ಣದ, ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡು ಸಾದಾ ಅಡಾಪ್ಟರ್. ಒಂದು ಬದಿ ಯುಎಸ್‌ಬಿಯ ಚಪ್ಪಟೆ ಬಾಯಿ, ಇನ್ನೊಂದು ಬದಿ ಗುಂಡು ಪಿನ್. ಒಳಗೆ ವಿದ್ಯುತ್ತಿನ ತಂತಿ ವಿದ್ಯುತ್ತಿಗೆ, ಗ್ರೌಂಡ್ ಗ್ರೌಂಡಿಗೆ, ಯುಎಸ್‌ಬಿಯ ಡಿ ಪ್ಲಸ್ ತಂತಿ ಕ್ಲಾಕಿಗೆ, ಡಿ ಮೈನಸ್ ಡೇಟಾಕ್ಕೆ ಸೇರಿರುತ್ತವೆ. ಹಸಿರಿಗೂ ನೇರಳೆಗೂ ಒಳಗಿನ ಜೋಡಣೆಯಲ್ಲಿ ವ್ಯತ್ಯಾಸವಿಲ್ಲ; ಯಾವ ಪೋರ್ಟಿಗೆ ಹೋಗಬೇಕೆಂಬ ಗುರುತಿಗಷ್ಟೇ ಬಣ್ಣ.

ಇದು ಕೆಲಸ ಮಾಡುವುದು ಎರಡೂ ಕ್ರಮ ಬಲ್ಲ ಚಿಪ್ ಇರುವ ಕೀಬೋರ್ಡು, ಮೌಸುಗಳೊಂದಿಗೆ. ಸೈಪ್ರೆಸ್ ಕಂಪನಿಯ ಎನ್‌ಕೋರ್ ಸರಣಿಯ ಚಿಪ್ಪುಗಳನ್ನು ಇದಕ್ಕೆಂದೇ ರೂಪಿಸಲಾಗಿತ್ತು. ವಿದ್ಯುತ್ತು ಬಂದ ಕೂಡಲೇ ಇಂಥ ಚಿಪ್ ತನ್ನ ಎರಡು ಡೇಟಾ ತಂತಿಗಳ ಮಟ್ಟ ಪರೀಕ್ಷಿಸುತ್ತದೆ. ಯುಎಸ್‌ಬಿ ಪೋರ್ಟು ಈ ತಂತಿಗಳನ್ನು 15,000 ಓಮ್ ರೋಧಕಗಳ ಮೂಲಕ ಗ್ರೌಂಡಿಗೆ ಎಳೆದಿರುತ್ತದೆ. ಪಿಎಸ್/2 ಪೋರ್ಟು ತದ್ವಿರುದ್ಧವಾಗಿ ಅವನ್ನು 5 ವೋಲ್ಟಿನ ಕಡೆಗೆ ಎತ್ತಿರುತ್ತದೆ. ಎರಡೂ ತಂತಿ ಮೇಲಿದ್ದರೆ ಗುಂಡು ಪೋರ್ಟು, ಕೆಳಗಿದ್ದರೆ ಯುಎಸ್‌ಬಿ ಎಂದು ಚಿಪ್ ತೀರ್ಮಾನಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ.

ಯುಎಸ್‌ಬಿ ಹೊಸದಾಗಿದ್ದ ಕಾಲದಲ್ಲಿ ಕೊಳ್ಳುವವರ ಮನೆಯಲ್ಲಿ ಯಾವ ಪೋರ್ಟಿದೆಯೋ ತಿಳಿಯದಿದ್ದುದರಿಂದ ತಯಾರಕರು ಈ ಜೋಡಿ ಚಿಪ್ ಹಾಕಿ, ಡಬ್ಬಿಯೊಳಗೆ ಅಡಾಪ್ಟರನ್ನೂ ಇಟ್ಟು ಕೊಡುತ್ತಿದ್ದರು. ಗುಂಡು ಪೋರ್ಟು ಮರೆಯಾದಂತೆ ಆ ಸೌಲಭ್ಯವೂ ಕಡಿಮೆಯಾಯಿತು. ಈಗ ಬರುವ ಬಹುಪಾಲು ಕೀಬೋರ್ಡುಗಳಿಗೆ ಯುಎಸ್‌ಬಿ ಮಾತ್ರ ಗೊತ್ತು. ಬಣ್ಣಬಣ್ಣದ ದೀಪದ ಗೇಮಿಂಗ್ ಕೀಬೋರ್ಡು, ಗೇಮಿಂಗ್ ಮೌಸುಗಳಲ್ಲಂತೂ ಜೋಡಿ ಚಿಪ್ಪನ್ನು ನಿರೀಕ್ಷಿಸುವಂತಿಲ್ಲ.

ಕೊಳ್ಳುವ ಮುನ್ನ ಗುರುತು ಹಿಡಿಯಲು ಕೆಲವು ದಾರಿಗಳಿವೆ. ಡಬ್ಬಿಯ ಮೇಲೆ ಪಿಎಸ್/2 ಎಂದು ಬರೆದಿದ್ದರೆ ಅಥವಾ ಜೊತೆಗೆ ಅಡಾಪ್ಟರ್ ಬಂದಿದ್ದರೆ ಜೋಡಿ ಚಿಪ್ ಇದೆ ಎಂದರ್ಥ. ಮಾದರಿ ಹಳೆಯದಾಗಿದ್ದಷ್ಟೂ, ಸರಳವಾಗಿದ್ದಷ್ಟೂ ಅದು ಇರುವ ಸಾಧ್ಯತೆ ಹೆಚ್ಚು. ಬೇರೆ ಕೀಬೋರ್ಡಿನ ಜೊತೆ ಬಂದ ಅಡಾಪ್ಟರ್ ಕೈಯಲ್ಲಿದೆ ಎಂಬುದು ಮಾತ್ರ ಯಾವುದಕ್ಕೂ ಆಧಾರವಲ್ಲ. ಸಾಮರ್ಥ್ಯವೆಲ್ಲ ಇರುವುದು ಕೀಬೋರ್ಡಿನಲ್ಲಿ, ಅಡಾಪ್ಟರಿನಲ್ಲಲ್ಲ. ಎಲ್ಲಕ್ಕಿಂತ ಖಚಿತವಾದದ್ದು ಅಂಗಡಿಯಲ್ಲೇ ಗುಂಡು ಪೋರ್ಟಿರುವ ಸಿಸ್ಟಮ್ಮಿಗೆ ಹಾಕಿ ನೋಡುವುದು.

ಪರೀಕ್ಷೆಗೆ ನಮ್ ಲಾಕ್ ಕೀ ಒಳ್ಳೆಯ ಸಾಧನ. ಪಿಎಸ್/2 ಕ್ರಮದಲ್ಲಿ ಆ ಕೀಯ ದೀಪ ಹೊತ್ತಿಸುವುದು ಕೀಬೋರ್ಡಲ್ಲ. ಕೀ ಒತ್ತಿದ ಸುದ್ದಿ ತಲುಪಿದ ಮೇಲೆ ಕಂಪ್ಯೂಟರ್ ಆದೇಶ ಕಳಿಸಿ ಹೊತ್ತಿಸುತ್ತದೆ. ಒತ್ತಿದಾಗಲೆಲ್ಲ ದೀಪ ಹೊತ್ತಿ ಆರುತ್ತಿದ್ದರೆ ಎರಡೂ ಕಡೆಯಿಂದ ಸಂಕೇತ ಸರಿಯಾಗಿ ಹೋಗಿಬರುತ್ತಿದೆ ಎಂದೇ ಲೆಕ್ಕ. ಕೀಗಳ ಅಡಿಯ ಅಲಂಕಾರದ ದೀಪ ಅಥವಾ ಆಪ್ಟಿಕಲ್ ಮೌಸಿನ ಹೊಟ್ಟೆಯ ಕೆಂಪು ಬೆಳಕು ಹೊತ್ತಿದ ಮಾತ್ರಕ್ಕೆ ಹಾಗೆ ಹೇಳಲಾಗದು. ಅವಕ್ಕೆ 5 ವೋಲ್ಟ್ ಸಿಕ್ಕರೆ ಸಾಕು, ಸಂಕೇತ ಹೋಗಬೇಕೆಂದಿಲ್ಲ.

ಚಿಪ್ ಇರುವ ಅಡಾಪ್ಟರ್

ಯುಎಸ್‌ಬಿ ಮಾತ್ರ ಬಲ್ಲ ಕೀಬೋರ್ಡನ್ನು ಗುಂಡು ಪೋರ್ಟಿಗೆ ತರಬೇಕಾದರೆ ನಡುವೆ ದುಭಾಷಿಯಂಥ ಅಡಾಪ್ಟರ್ ಬೇಕು. ಇದರ ಚಿಪ್ ಕೀಬೋರ್ಡಿನ ಎದುರು ತಾನೇ ಕಂಪ್ಯೂಟರಿನಂತೆ ನಿಲ್ಲುತ್ತದೆ: ಗುರುತು ವಿಚಾರಿಸುತ್ತದೆ, ವಿಳಾಸ ಕೊಡುತ್ತದೆ, ಎಂಟು ಬೈಟಿನ ಕಂತೆಗಳನ್ನು ಕೇಳಿ ಪಡೆಯುತ್ತದೆ. ಹಿಂದಿನ ಕಂತೆಗೂ ಈಗಿನ ಕಂತೆಗೂ ಹೋಲಿಸಿ ಯಾವ ಕೀ ಒತ್ತಲಾಗಿದೆ, ಯಾವುದು ಬಿಟ್ಟಿದೆ ಎಂದು ಕಂಡುಕೊಂಡು, ಅದನ್ನು ಪಿಎಸ್/2 ಸಂಖ್ಯೆಗಳಿಗೆ ಬದಲಿಸಿ ಗುಂಡು ಪೋರ್ಟಿಗೆ ಕಳಿಸುತ್ತದೆ. ಅತ್ತ ಕಂಪ್ಯೂಟರಿನಿಂದ ನಮ್ ಲಾಕ್ ದೀಪದ ಆದೇಶ ಬಂದರೆ ಅದನ್ನು ಯುಎಸ್‌ಬಿ ಆದೇಶವಾಗಿಸಿ ಕೀಬೋರ್ಡಿಗೆ ಮುಟ್ಟಿಸುತ್ತದೆ. ಕೀ ಒತ್ತಿ ಹಿಡಿದರೆ ಅದೇ ಅಕ್ಷರ ಸಾಲಾಗಿ ಮೂಡುವುದುಂಟಲ್ಲ, ಪಿಎಸ್/2 ಕ್ರಮದಲ್ಲಿ ಅದು ಕೀಬೋರ್ಡಿನ ಹೊಣೆ, ಯುಎಸ್‌ಬಿಯಲ್ಲಿ ಕಂಪ್ಯೂಟರಿನದು. ನಡುವೆ ನಿಂತ ಅಡಾಪ್ಟರ್ ಆ ಹೊಣೆಯನ್ನೂ ಹೊರಬೇಕು.

ಇಷ್ಟೆಲ್ಲ ಮಾಡುವುದರಿಂದ ಇದರ ಬೆಲೆ ಹೆಚ್ಚು. ಸಾದಾ ಅಡಾಪ್ಟರಿಗೆ ಹತ್ತಾರು ರೂಪಾಯಿಯಾದರೆ ಇದಕ್ಕೆ ನೂರಾರು. ಇದನ್ನು ತಾವೇ ತಯಾರಿಸಿಕೊಳ್ಳುವವರೂ ಇದ್ದಾರೆ. ರಾಸ್ಪ್‌ಬೆರಿ ಪೈ ಪೈಕೋ ಎಂಬ ಪುಟ್ಟ ಬೋರ್ಡಿಗೆ ಹಾಕಬಹುದಾದ, ಎಲ್ಲರಿಗೂ ಮುಕ್ತವಾಗಿರುವ ಪ್ರೋಗ್ರಾಮುಗಳು ಲಭ್ಯವಿವೆ. ಆದರೆ ಪೈಕೋ ನಡೆಯುವುದು 3.3 ವೋಲ್ಟಿನ ಮಟ್ಟದಲ್ಲಿ, ಗುಂಡು ಪೋರ್ಟಿನದು 5 ವೋಲ್ಟ್. ನಡುವೆ ಮಟ್ಟ ಹೊಂದಿಸುವ ಸಣ್ಣ ವಿದ್ಯುನ್ಮಂಡಲ ಹಾಕದೆ ನೇರ ಜೋಡಿಸಬಾರದು.

ಚಿಪ್ ಇರುವ ಅಡಾಪ್ಟರಿಗೂ ಮಿತಿಗಳಿವೆ. ಗುಂಡು ಪೋರ್ಟಿನಿಂದ ಸಿಗುವ ವಿದ್ಯುತ್ತಿನಲ್ಲೇ ಅಡಾಪ್ಟರೂ ಕೀಬೋರ್ಡೂ ನಡೆಯಬೇಕು. ಸಾಲುದೀಪದ ಕೀಬೋರ್ಡಿಗೆ ಅದು ಸಾಲದೇ ಹೋಗಬಹುದು. ಒಳಗೆ ಯುಎಸ್‌ಬಿ ಹಬ್ ಇರುವ ಕೀಬೋರ್ಡುಗಳನ್ನು ಕೆಲವು ಅಡಾಪ್ಟರುಗಳು ಗುರುತಿಸುವುದಿಲ್ಲ. ಧ್ವನಿ ಏರಿಸುವ, ಹಾಡು ನಿಲ್ಲಿಸುವ ಹೆಚ್ಚುವರಿ ಕೀಗಳು ಕೆಲಸ ಮಾಡದಿರಬಹುದು. ಪುಟ ಜೋಡಿಸುವವರಿಗೆ ಈ ಕೊನೆಯದು ಲೆಕ್ಕಕ್ಕಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವ, ಎರಡು ಗುಂಡು ಬಾಯಿಗಳೂ ಒಂದು ಯುಎಸ್‌ಬಿ ಪ್ಲಗ್ಗೂ ಇರುವ ಕವಲು ತಂತಿ ತಿರುಗುಮುರುಗು ಕೆಲಸದ್ದು. ಅದು ಹಳೆಯ ಗುಂಡು ಪಿನ್ ಕೀಬೋರ್ಡು, ಮೌಸುಗಳನ್ನು ಹೊಸ ಕಂಪ್ಯೂಟರಿಗೆ ಸೇರಿಸಲು. ಅದರೊಳಗೆ ಚಿಪ್ ಇದ್ದರೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಟಿವಿಎಸ್ ಗೋಲ್ಡ್ ಕೀಬೋರ್ಡಿನ ಟಕಟಕ ಸದ್ದಿಗೆ, ಬೆರಳಿಗೆ ಸಿಗುವ ಗಟ್ಟಿ ಒತ್ತಿಗೆ ಒಗ್ಗಿಕೊಂಡ ಅಕ್ಷರ ಜೋಡಕರು ಹೊಸ ಸಿಸ್ಟಮ್ ತಂದ ಮೇಲೂ ಹಳೆಯ ಗುಂಡು ಪಿನ್ನಿನ ಗೋಲ್ಡನ್ನೇ ಬಳಸಲು ಈ ಕವಲು ತಂತಿ ಕೊಳ್ಳುತ್ತಾರೆ.

ಮೌಸ್, ಸೀರಿಯಲ್ ಪೋರ್ಟ್, ನಿಸ್ತಂತು

ಮೌಸಿಗೂ ಇದೇ ಮಾತು ಅನ್ವಯಿಸುತ್ತದೆ. ಪಿಎಸ್/2 ಮೌಸ್ ಚಲನೆಯ ಸುದ್ದಿಯನ್ನು ಮೂರು ಬೈಟುಗಳಲ್ಲಿ ಹೇಳುತ್ತದೆ: ಒತ್ತುಗುಂಡಿಗಳ ಸ್ಥಿತಿ, ಅಡ್ಡ ಚಲನೆ, ಉದ್ದ ಚಲನೆ. ನಡುವಿನ ಚಕ್ರ ಬಂದ ಮೇಲೆ ನಾಲ್ಕನೆಯ ಬೈಟ್ ಬೇಕಾಯಿತು. ಹಳೆಯ ತಂತ್ರಾಂಶಕ್ಕೆ ಇದರಿಂದ ಗೊಂದಲವಾಗದಿರಲೆಂದು ಗುಟ್ಟಿನ ಸನ್ನೆಯೊಂದನ್ನು ಗೊತ್ತುಮಾಡಲಾಯಿತು. ಚಕ್ರವನ್ನು ಬಲ್ಲ ಡ್ರೈವರ್ ಮೌಸ್ ಸುದ್ದಿ ಕಳಿಸುವ ವೇಗವನ್ನು 200, 100, 80 ಎಂದು ಸಾಲಾಗಿ ಮೂರು ಸಲ ಬದಲಿಸುತ್ತದೆ. ಅದನ್ನು ಕಂಡ ಮೌಸ್ ಅಲ್ಲಿಂದ ನಾಲ್ಕು ಬೈಟ್ ಕಳಿಸತೊಡಗುತ್ತದೆ. ಅಡಾಪ್ಟರ್ ಹಾಕಿದ ಮೇಲೆ ಬಾಣ ಓಡಾಡುತ್ತದೆ, ಚಕ್ರ ಮಾತ್ರ ತಿರುಗಿದರೂ ಪುಟ ಸರಿಯುವುದಿಲ್ಲ ಎಂದಾದರೆ ಈ ಸನ್ನೆ ಎಲ್ಲೋ ತಪ್ಪಿದೆ, ಇಲ್ಲವೇ ಡ್ರೈವರ್ ಚಕ್ರ ಅರಿಯದ ಹಳೆಯದು.

ಸೀರಿಯಲ್ ಪೋರ್ಟಿನ ಮೌಸ್ ಬೇರೆಯದೇ ಜಾತಿ. ಅಲ್ಲಿ 5 ವೋಲ್ಟಿನ ವಿದ್ಯುತ್ ತಂತಿಯೇ ಇಲ್ಲ; ಮೋಡೆಮ್ ನಿಯಂತ್ರಣಕ್ಕಿದ್ದ ಸಂಕೇತ ತಂತಿಗಳಿಂದಲೇ ಮೌಸ್ ವಿದ್ಯುತ್ತು ಹೀರಿಕೊಳ್ಳುತ್ತದೆ. ಸಂಕೇತದ ವೇಗ ಸೆಕೆಂಡಿಗೆ 1,200 ಬಿಟ್. ಪಿಎಸ್/2ರಿಂದ ಸೀರಿಯಲ್‌ಗೆ ಬರುವ ಸಾದಾ ಅಡಾಪ್ಟರುಗಳು ಈ ಎರಡೂ ಕ್ರಮ ಬಲ್ಲ ಮೌಸುಗಳ ಜೊತೆಗೆ ಬಂದಂಥವು. ಯುಎಸ್‌ಬಿ ಮೌಸಿಗೆ ಒಂದು ಅಡಾಪ್ಟರ್, ಅದಕ್ಕೆ ಇನ್ನೊಂದು ಎಂದು ಸರಪಳಿ ಹಾಕಿ ಸೀರಿಯಲ್ ಪೋರ್ಟಿಗೆ ಒಯ್ದರೆ ಸಾಮಾನ್ಯವಾಗಿ ಫಲವಿಲ್ಲ. ಕೀಬೋರ್ಡಿನಲ್ಲಿ ಮಾತ್ರ ಸರಪಳಿ ನಡೆಯುತ್ತದೆ. ಪಿಎಸ್/2 ಹಾಗೂ ಎಟಿಯ ಕ್ರಮ ಒಂದೇ ಆದ್ದರಿಂದ ಯುಎಸ್‌ಬಿಯಿಂದ ಪಿಎಸ್/2, ಅಲ್ಲಿಂದ ದಪ್ಪ ಡಿನ್ ಪ್ಲಗ್ ಎಂದು ಎರಡು ಅಡಾಪ್ಟರ್ ಹಾಕಿ 486 ಕಾಲದ ಕಂಪ್ಯೂಟರಿಗೂ ಜೋಡಿಸಬಹುದು.

ನಿಸ್ತಂತು ಕೀಬೋರ್ಡು, ಮೌಸುಗಳಲ್ಲಿ ಗಮನಿಸಬೇಕಾದದ್ದು ಅವುಗಳ ಜೊತೆ ಬರುವ ರಿಸೀವರ್. ಕಂಪ್ಯೂಟರಿನ ಪಾಲಿಗೆ ಅದೇ ಕೀಬೋರ್ಡು. ಉಗುರಿನಷ್ಟಿರುವ ಈಗಿನ ರಿಸೀವರುಗಳಿಗೆ ಸಾದಾ ಅಡಾಪ್ಟರ್ ಸಾಲದು. ಚಿಪ್ ಇರುವ ಅಡಾಪ್ಟರುಗಳಲ್ಲೂ ಕೆಲವು ಮಾತ್ರ ಇವನ್ನು ಒಪ್ಪುತ್ತವೆ. ಬ್ಲೂಟೂತ್ ಕೀಬೋರ್ಡಿಗೆ ಇಂಥ ಅಡಾಪ್ಟರುಗಳಿಂದ ಪ್ರಯೋಜನವಿಲ್ಲ.

ಕನ್ನಡ ವಿನ್ಯಾಸಕ್ಕೆ ತೊಂದರೆಯಿಲ್ಲ

ಕೀಬೋರ್ಡು ಬದಲಿಸಿದರೆ, ಅಡಾಪ್ಟರ್ ಹಾಕಿದರೆ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಕನ್ನಡ ವಿನ್ಯಾಸ ಕೆಟ್ಟೀತೇ ಎಂಬ ಅಂಜಿಕೆಗೆ ಕಾರಣವಿಲ್ಲ. ಕೀಬೋರ್ಡಿನಿಂದ ಬರುವುದು ಕೀಯ ಸಂಖ್ಯೆಯಷ್ಟೇ. ಆ ಸಂಖ್ಯೆ ಕೆ ಅಕ್ಷರಕ್ಕೋ ಕ ಅಕ್ಷರಕ್ಕೋ ಎಂದು ನಿರ್ಧರಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿಯಾಗಲಿ, ಶೇಷಾದ್ರಿ ವಾಸು ಅವರ ಬರಹವಾಗಲಿ, ಎಲ್ಲದರ ನಡೆಯೂ ಹೀಗೆಯೇ. ಅಡಾಪ್ಟರ್ ಸರಿಯಾಗಿ 66 ಎಂದು ಮುಟ್ಟಿಸಿದರೆ ಮುಂದಿನದು ಮೊದಲಿನಂತೆಯೇ ನಡೆಯುತ್ತದೆ. ಅಕ್ಷರ ತಪ್ಪಾಗಿ ಮೂಡುತ್ತಿದ್ದರೆ ತಂತ್ರಾಂಶದ ವಿನ್ಯಾಸದ ಆಯ್ಕೆ ಬದಲಾಗಿದೆಯೇ ಎಂದು ಮೊದಲು ನೋಡಬೇಕು. ಒತ್ತಿದ ಕೀ ಒಮ್ಮೊಮ್ಮೆ ಎರಡು ಸಲ ಬೀಳುವುದು, ನಡುನಡುವೆ ಬಿಟ್ಟುಹೋಗುವುದು, ಶಿಫ್ಟ್ ಒತ್ತಿದಂತೆಯೇ ಉಳಿದು ಅಲ್ಪಪ್ರಾಣವೆಲ್ಲ ಮಹಾಪ್ರಾಣವಾಗುವುದು ಕಂಡರೆ ಮಾತ್ರ ಅಡಾಪ್ಟರನ್ನು ಶಂಕಿಸಬೇಕು. ಇವು ಸಂಕೇತ ತಪ್ಪುತ್ತಿರುವುದರ ಗುರುತು.

ಅಡಾಪ್ಟರ್ ಇಲ್ಲದ ದಾರಿ

ಹಳೆಯ ಸಿಸ್ಟಮ್ಮಿನಲ್ಲಿ ಪಿಸಿಐ ಸ್ಲಾಟ್ ಖಾಲಿಯಿದ್ದರೆ ಯುಎಸ್‌ಬಿ ಕಾರ್ಡ್ ಹಾಕಿಸಬಹುದು. ವಿಂಡೋಸ್ 98ರ ಎರಡನೆಯ ಆವೃತ್ತಿ, ವಿಂಡೋಸ್ 2000, ಎಕ್ಸ್‌ಪಿಗಳಲ್ಲಿ ಇದು ನಡೆಯುತ್ತದೆ. ಡಾಸ್, ವಿಂಡೋಸ್ ಎನ್‌ಟಿ 4ರಲ್ಲಿ ಯುಎಸ್‌ಬಿ ಬೆಂಬಲ ಇಲ್ಲದ್ದರಿಂದ ಅಲ್ಲಿ ಕಾರ್ಡ್ ಕೆಲಸಕ್ಕೆ ಬರುವುದಿಲ್ಲ. ಕಾರ್ಡ್ ಹಾಕಿದಾಗಲೂ ಒಂದು ಕೊರತೆ ಉಳಿಯುತ್ತದೆ: ಕಂಪ್ಯೂಟರ್ ಆನ್ ಆದ ಕೂಡಲೇ ನಡೆಯುವ ಬಯೋಸ್‌ಗೆ ಆ ಕಾರ್ಡಿನ ಕೀಬೋರ್ಡು ಸಾಮಾನ್ಯವಾಗಿ ಕಾಣುವುದಿಲ್ಲ. ವಿಂಡೋಸ್ ತೆರೆದ ಮೇಲೆ ಮಾತ್ರ ಕೀಗಳಿಗೆ ಜೀವ ಬರುತ್ತದೆ. ಬಯೋಸ್ ಬದಲಿಸಲು, ಸೇಫ್ ಮೋಡಿಗೆ ಹೋಗಲು ಗುಂಡು ಪಿನ್ನಿನ ಕೀಬೋರ್ಡೊಂದು ಮೀಸಲಿರಬೇಕು.

ಮದರ್‌ಬೋರ್ಡಿನಲ್ಲೇ ಯುಎಸ್‌ಬಿ ಪೋರ್ಟು ಇರುವ, ಆದರೆ ಡಾಸ್‌ನಲ್ಲಿ ಯುಎಸ್‌ಬಿ ಕೀಬೋರ್ಡು ಕೆಲಸ ಮಾಡದ ಸಿಸ್ಟಮ್ಮುಗಳಿಗೆ ಇನ್ನೂ ಸುಲಭದ ದಾರಿಯಿದೆ. ಬಯೋಸಿನಲ್ಲಿ ‘ಯುಎಸ್‌ಬಿ ಲೆಗಸಿ ಸಪೋರ್ಟ್’ ಅಥವಾ ‘ಯುಎಸ್‌ಬಿ ಕೀಬೋರ್ಡ್ ಸಪೋರ್ಟ್’ ಎಂಬ ಆಯ್ಕೆ ಇದ್ದರೆ ಅದನ್ನು ಎನೇಬಲ್ ಮಾಡಬೇಕು. ಆಗ ಬಯೋಸ್ ತಾನೇ ಯುಎಸ್‌ಬಿ ಸಂಕೇತವನ್ನು ಪಿಎಸ್/2ರಂತೆ ತೋರಿಸುತ್ತದೆ. ಅಡಾಪ್ಟರ್ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಜೋಡಿಸುವಾಗ

ಯುಎಸ್‌ಬಿಯನ್ನು ಚಾಲೂ ಇರುವಾಗಲೇ ಹಾಕಬಹುದು, ತೆಗೆಯಬಹುದು. ಪಿಎಸ್/2ನ್ನು ಹಾಗೆ ಬಳಸಲೆಂದು ರೂಪಿಸಿಲ್ಲ. ಅಡಾಪ್ಟರಿನ ಒಂದು ತುದಿ ಯುಎಸ್‌ಬಿಯಾದರೂ ಇನ್ನೊಂದು ತುದಿ ಗುಂಡು ಪೋರ್ಟಿನಲ್ಲಿರುವುದರಿಂದ ಪಿಎಸ್/2 ನಿಯಮವನ್ನೇ ಪಾಲಿಸಬೇಕು. ಕಂಪ್ಯೂಟರ್ ಪೂರ್ತಿ ಆಫ್ ಮಾಡಿ, ಗೋಡೆಯ ಸ್ವಿಚ್ಚನ್ನೂ ಆರಿಸಿ ಸಿಕ್ಕಿಸುವುದು ಕ್ಷೇಮ. ಚಾಲೂ ಇರುವಾಗ ಹಾಕಿದರೆ ಮದರ್‌ಬೋರ್ಡಿನಲ್ಲಿ ಆ ಪೋರ್ಟಿಗಿರುವ ಪುಟ್ಟ ಫ್ಯೂಸ್ ಹೋಗಬಹುದು. ಆಮೇಲೆ ಯಾವ ಕೀಬೋರ್ಡು ಹಾಕಿದರೂ ಅಲ್ಲಿ ಕೆಲಸ ಮಾಡುವುದಿಲ್ಲ. ಫ್ಯೂಸ್ ಬದಲಿಸಲು ಬೋರ್ಡ್ ರಿಪೇರಿ ಮಾಡುವವರ ಬೆಸುಗೆ ಕೋಲೇ ಬೇಕು.

ಪಿನ್ ಕೂರಿಸುವಾಗ ಬಲ ಹಾಕಬಾರದು. ಗುಂಡು ಪ್ಲಗ್ಗಿನ ನಡುವಿನ ಪ್ಲಾಸ್ಟಿಕ್ ಮೂಗು ಪೋರ್ಟಿನ ಆಯದ ರಂಧ್ರಕ್ಕೆ ಸರಿಹೊಂದಿದ ಮೇಲೆ ಹಗುರವಾಗಿ ಒತ್ತಿದರೆ ಸಾಕು. ತಿರುವಿ ಒತ್ತಿದರೆ ಪಿನ್ ಬಾಗುತ್ತದೆ. ಉದ್ದದ ಅಡಾಪ್ಟರ್ ಹಿಂದಕ್ಕೆ ಚಾಚಿಕೊಳ್ಳುವುದರಿಂದ ಡಬ್ಬಿಯನ್ನು ಗೋಡೆಗೆ ಒರಗಿಸದೆ ಜಾಗ ಬಿಡಬೇಕು.

ಕಂಪ್ಯೂಟರ್ ಆನ್ ಮಾಡಿದಾಗ ಕೀಬೋರ್ಡಿನ ಮೂರೂ ದೀಪ ಒಮ್ಮೆ ಮಿನುಗಿ ಆರುತ್ತವೆ. ಅದು ಸ್ವಪರೀಕ್ಷೆ, ಮುಗಿದ ಮೇಲೆ ಕೀಬೋರ್ಡು ಎಲ್ಲ ಸರಿಯಿದೆ ಎಂಬ ಸಂಕೇತ ಕಳಿಸುತ್ತದೆ. ಅದು ತಲುಪದಿದ್ದರೆ ಪರದೆಯ ಮೇಲೆ ‘ಕೀಬೋರ್ಡ್ ಎರರ್’ ಎಂಬ ಸಂದೇಶ ಬರುತ್ತದೆ. ಬಂದರೆ ಕ್ರಮವಾಗಿ ನೋಡಬೇಕಾದದ್ದು ನಾಲ್ಕು. ಅಡಾಪ್ಟರ್ ಹಸಿರಿನಲ್ಲಲ್ಲದೆ ನೇರಳೆ ಪೋರ್ಟಿನಲ್ಲೇ ಇದೆಯೇ. ಗೊತ್ತಿರುವ ಗುಂಡು ಪಿನ್ನಿನ ಕೀಬೋರ್ಡು ಅದೇ ಪೋರ್ಟಿನಲ್ಲಿ ನಡೆಯುತ್ತದೆಯೇ. ಹೊಸ ಕೀಬೋರ್ಡು ಬೇರೆ ಕಂಪ್ಯೂಟರಿನ ಯುಎಸ್‌ಬಿಯಲ್ಲಿ ನಡೆಯುತ್ತದೆಯೇ. ಕೊನೆಗೆ, ಜೋಡಿ ಚಿಪ್ಪಿನ ಬೇರೆ ಕೀಬೋರ್ಡು ಅದೇ ಅಡಾಪ್ಟರಿನಲ್ಲಿ ನಡೆಯುತ್ತದೆಯೇ. ಎರಡನೆಯದಕ್ಕೆ ಇಲ್ಲ ಎಂದಾದರೆ ದೋಷ ಪೋರ್ಟಿನದು. ಮೂರನೆಯದಕ್ಕೆ ಇಲ್ಲ ಎಂದಾದರೆ ಕೀಬೋರ್ಡಿನದು. ನಾಲ್ಕನೆಯದಕ್ಕೆ ಇಲ್ಲ ಎಂದಾದರೆ ಅಡಾಪ್ಟರಿನದು. ಎಲ್ಲಕ್ಕೂ ಹೌದು ಎಂದಾದರೆ ಯಾವುದೂ ಕೆಟ್ಟಿಲ್ಲ. ಆ ಕೀಬೋರ್ಡಿಗೆ ಪಿಎಸ್/2 ಗೊತ್ತಿಲ್ಲ, ಚಿಪ್ ಇರುವ ಅಡಾಪ್ಟರನ್ನೇ ತರಬೇಕು.